ಟಿಕೆಟ್ ಇಲ್ಲದ ತುತ್ತು

ರಜೆ ಸಿಕ್ಕ ದಿನ ಮನೆಯಲ್ಲಿ ಕಾಲು ಚಾಚಿ ಮಲಗುವುದು ಬಿಟ್ಟು, ಕಂಡಕ್ಟರಮ್ಮ ಬೆಳಗ್ಗೆಯೇ ಗಂಡನ ಬೈಂಡಿಂಗ್ ಅಂಗಡಿಗೆ ಬಂದು ಸ್ಟೂಲು ಎಳೆದುಕೊಂಡು ಕೂತಿದ್ದಳು. ಪುಸ್ತಕ ಹೊಲಿಯುವ ಚಂದ ನೋಡಲು ಬಂದವಳಲ್ಲ, ಕಳ್ಳನನ್ನು ಹಿಡಿಯಲು ಬಂದವಳು. ಗಂಡ ತಲೆಯೆತ್ತಿಯೂ ನೋಡಲಿಲ್ಲ. ನಿನ್ನೆ ಊಟದ ಹೊತ್ತಿಗೆ ಜಗಳವಾದಾಗಿನಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ.

ಜಗಳಕ್ಕೆ ಕಾರಣ ಅವನ ಹೊಟ್ಟೆ. ಪುಸ್ತಕದ ಅಂಚು ಕತ್ತರಿಸುತ್ತ ನಿಂತವನು ನೋವು ಬಂದರೆ ನಿಂತಲ್ಲೇ ಎರಡಾಗಿ ಬಗ್ಗಿಬಿಡುತ್ತಿದ್ದ. ಮಾತ್ರೆಗಳೆಲ್ಲ ಸೋತ ಮೇಲೆ ಹೊಟ್ಟೆ ಡಾಕ್ಟರು, "ಗೋಧಿ, ಮೈದಾ, ಹಾಲು, ಸಕ್ಕರೆ, ಪ್ಯಾಕೆಟ್ಟಲ್ಲಿ ಬರೋದು ಎಲ್ಲಾ ಬಿಡಿ. ಅನ್ನ, ತರಕಾರಿ, ಹಣ್ಣು ಅಷ್ಟೇ. ನೋವು ಪೂರ್ತಿ ಹೋದ ಮೇಲೆ ಒಂದೊಂದನ್ನೇ ಮತ್ತೆ ತಿಂದು ನೋಡೋಣ. ಶತ್ರು ಯಾವುದು ಅಂತ ಆಗ ಗೊತ್ತಾಗುತ್ತೆ" ಅಂದಿದ್ದರು. ಪಕ್ಕದಲ್ಲಿದ್ದ ಕಂಡಕ್ಟರಮ್ಮ, "ಇವರೊಬ್ಬರೇ ಯಾಕೆ? ನಾನೂ ಬಿಡ್ತೀನಿ ಡಾಕ್ಟ್ರೇ" ಅಂತ ಎದೆ ತಟ್ಟಿಕೊಂಡಿದ್ದಳು. ಆವತ್ತು ಗಂಡ ಅವಳನ್ನು ನೋಡಿದ ನೋಟವನ್ನು ನೆನೆದರೆ ಅವಳಿಗೆ ಈಗಲೂ ನಾಚಿಕೆಯಾಗುತ್ತಿತ್ತು.

ಅಂಗಡಿಗೆ ಬಣ್ಣ ಹೊಡೆಸುತ್ತಿದ್ದರಿಂದ ಮೊದಮೊದಲು ಅವನು ಮನೆಯಲ್ಲೇ ಇದ್ದ. ಬೇಯಿಸಿದ ಕುಂಬಳಕಾಯಿಗೆ ಮೂಗು ಮುರಿಯುತ್ತಲೇ ತಿಂದ. ನೋವು ಹೇಳಹೆಸರಿಲ್ಲದಂತೆ ಹೋಯಿತು! ಬಣ್ಣ ಒಣಗಿ ಅಂಗಡಿ ಬಾಗಿಲು ತೆಗೆದದ್ದೇ ತಡ, ಹೋದ ನೋವು ನೆಂಟನ ಹಾಗೆ ವಾಪಸ್ ಬಂತು. ಮನೆಯಲ್ಲಿದ್ದಾಗ ಇಲ್ಲದ್ದು ಅಂಗಡಿಗೆ ಹೋದರೆ ಯಾಕೆ ಬರಬೇಕು? ದಾರಿಯಲ್ಲಿ ಏನಿದೆ? ಬೇಕರಿ. ಬಸ್ಸಿನಲ್ಲಿ ಮುಖ ನೋಡಿಯೇ ಯಾರು ಟಿಕೆಟ್ ತೆಗೆದುಕೊಂಡಿಲ್ಲ ಎಂದು ಹೇಳುವ ಹೆಂಗಸಿಗೆ ಇದೇನು ಮಹಾ ಲೆಕ್ಕ?

"ತಿಂದಿದ್ದೀರಿ, ಒಪ್ಪಿಕೊಂಡುಬಿಡಿ" ಅಂದಿದ್ದಳು ನಿನ್ನೆ.

"ಒಂದು ಚೂರೂ ಮುಟ್ಟಿಲ್ಲ ಕಣೇ."

"ನಿಮ್ಮ ಮಾತು ನಂಬೋಕೆ ನಂಗೇನು ಹುಚ್ಚಾ?"

ಅವನು ಅರ್ಧ ಊಟಕ್ಕೇ ಎದ್ದುಹೋಗಿದ್ದ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಹಾಗೆ ಎದ್ದವನಲ್ಲ.

ಮಧ್ಯಾಹ್ನದವರೆಗೆ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅವನು ಹೊರಗೆ ಕಾಲಿಡಲಿಲ್ಲ. ಡಬ್ಬಿ ತೆರೆದು ಅನ್ನ, ಬೀನ್ಸು ತಿಂದ, ನೀರು ಕುಡಿದ, ಮತ್ತೆ ಕೆಲಸಕ್ಕೆ ಕೂತ. ಕಂಡಕ್ಟರಮ್ಮನಿಗೆ ಒಳಗೊಳಗೇ ಕಸಿವಿಸಿ. ಅವಳಿಗೆ ಅಷ್ಟು ಖಡಾಖಂಡಿತವಾಗಿ ಅನುಮಾನ ಬಂದದ್ದಕ್ಕೆ ಇನ್ನೊಂದು ಕಾರಣವಿತ್ತು. ಡಿಪೋ ಕ್ಯಾಂಟೀನಿನಲ್ಲಿ ಅವಳೇ ಕದ್ದು ತಿಂದಿದ್ದಳು. ನನಗೇ ತಡೆಯೋಕಾಗಲಿಲ್ಲ, ಈ ಪ್ರಾಣಿಗೆ ಹೇಗಾದೀತು ಅನ್ನುವುದು ಅವಳ ವಾದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವುದು ಸುಮ್ಮನೆ ಅಲ್ಲ.

ಅವನು ಬಟ್ಟಲಿನ ಬಿಳಿ ಅಂಟನ್ನು ಬೆರಳಲ್ಲೇ ತೆಗೆದು ಒಂದು ಪುಸ್ತಕದ ಬೆನ್ನಿಗೆ ಸವರಿದ. ಬೆರಳನ್ನು ಅಂಗಿಗೆ ಒರೆಸಿದಂತೆ ಮಾಡಿ ಮುಂದಿನ ಪುಸ್ತಕಕ್ಕೆ ದಾರ ತೆಗೆದುಕೊಂಡ. ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿ, ಹೊಸೆದು, ಸೂಜಿಗೆ ಪೋಣಿಸಿದ. ಆಮೇಲೆ ಅದೇ ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ಎಣಿಸಿದ. ಮತ್ತೆ ಅಂಟು, ಮತ್ತೆ ದಾರ, ಮತ್ತೆ ನಾಲಿಗೆ. ಮದುವೆಯಾದಾಗಿನಿಂದ ನೋಡುತ್ತಲೇ ಇದ್ದಳು, ಕಣ್ಣಿಗೆ ಬಿದ್ದದ್ದು ಮಾತ್ರ ಈಗ.

"ಹೋಲ್ಡಾನ್!" ಅಂತ ಕೂಗಿದಳು. ಬಸ್ಸಾಗಿದ್ದರೆ ಅಲ್ಲೇ ನಿಲ್ಲುತ್ತಿತ್ತು. "ಆ ಅಂಟು ಯಾತರದ್ದು?"

"ಮೈದಾದ್ದು. ಇನ್ಯಾತರದ್ದು..." ಅಂದವನ ಬೆರಳು ತುಟಿಯ ಮೇಲೇ ಉಳಿಯಿತು.

ಇಬ್ಬರೂ ಬಟ್ಟಲನ್ನು ನೋಡಿದರು. ಅವನು ಮೊದಲು ಪೆಚ್ಚಾದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ನನ್ನ ಕರ್ಮವೇ! ದಿನವಿಡೀ ಮೈದಾ ತಿಂದುಕೊಂಡೇ ಕೂತಿದ್ದೀನಿ. ಇರಲಿ ಬಿಡು, ಇನ್ಮೇಲೆ ಅಕ್ಕಿ ಹಿಟ್ಟಿನ ಅಂಟು. ಮೊದಲಿಂದ ಶುರು ಮಾಡೋಣ, ಈ ಸಲ ವಾಸಿಯಾಗದೆ ಎಲ್ಲಿ ಹೋಗುತ್ತೆ!" ನಗು ಇಳಿದ ಮೇಲೆ ಮೆಲ್ಲಗೆ ಹೇಳಿದ, "ಬೇಕರಿ ಕಡೆ ತಿರುಗಿಯೂ ನೋಡಿಲ್ಲ ಕಣೇ. ನೀನು ನನಗೋಸ್ಕರ ನಾಲಿಗೆ ಕಟ್ಟಿಕೊಂಡಿರುವಾಗ ನಾನು ಕದ್ದು ತಿಂತೀನಾ?"

ಅವಳು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಿನ್ನೆ ತಟ್ಟೆಯ ಮುಂದಿನಿಂದ ಎದ್ದುಹೋದ ಮುಖ ಅವಳನ್ನು ಸುಮ್ಮನಿರಲು ಬಿಡಲಿಲ್ಲ.

"ರೀ, ನಾನು ತಿಂದಿದ್ದೀನಿ."

"ಏನನ್ನ?"

"ಬ್ರೆಡ್ಡು. ಡಿಪೋ ಕ್ಯಾಂಟೀನಲ್ಲಿ. ಒಂದು ಸಲ ಅಲ್ಲ. ನಾನು ತಿಂದು, ನಿಮ್ಮನ್ನ ಕಳ್ಳ ಅಂದೆ."

ಅವನು ಒದ್ದೆ ಬಟ್ಟೆ ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. ಬೈದರೆ ಬೈಸಿಕೊಳ್ಳೋಣ ಅಂತ ಅವಳು ಸಿದ್ಧಳಾಗಿದ್ದಳು. ಎಷ್ಟೋ ಜನಕ್ಕೆ ದಂಡ ಹಾಕಿದವಳು, ಇವತ್ತು ತಾನೇ ಕಟ್ಟಬೇಕಾದೀತು.

"ಬೆಣ್ಣೆ ಹಚ್ಚಿದ್ದಾ?" ಕೇಳಿದ.

"ಹೂಂ."

"ಹಾಗೇನಾ, ಇಲ್ಲಾ ಕಾವಲಿ ಮೇಲೆ ಸುಟ್ಟಿದ್ದಾ?"

"ಸುಟ್ಟಿದ್ದು. ಅಂಚು ಕೆಂಪಗೆ."

ಅವನು ತನ್ನ ಸ್ಟೂಲನ್ನು ಎಳೆದುಕೊಂಡು ಬಂದು ಅವಳ ಎದುರಿಗೆ ಕೂತ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ.

"ಹೇಳು," ಅಂದ. "ಅವಸರ ಮಾಡ್ಬೇಡ. ತಟ್ಟೆ ಮುಂದೆ ಬಂದಲ್ಲಿಂದ ಹೇಳು."

ಕಂಡಕ್ಟರಮ್ಮ ಹೇಳತೊಡಗಿದಳು. ತಟ್ಟೆ ಮುಟ್ಟಿದರೆ ಬಿಸಿ, ಬೆಣ್ಣೆ ಇನ್ನೂ ಪೂರ್ತಿ ಕರಗಿರಲಿಲ್ಲ, ಮುರಿದಾಗ ಕರುಂ ಅಂದಿತು. ಕಣ್ಣು ಮುಚ್ಚಿಕೊಂಡೇ ಅವನು ಒಮ್ಮೆ ಉಗುಳು ನುಂಗಿದ.