ಕೆಂಪು ಗೆದ್ದ ಶನಿವಾರ

ನಾನು ಸುಳ್ಳು ಹೇಳುವುದು ಬೇರೆಯವರ ದನಿಯಲ್ಲಿ ಮಾತ್ರ. ನಟರ ದನಿಯಲ್ಲಿ, ಮಂತ್ರಿಗಳ ದನಿಯಲ್ಲಿ, ರೈಲು ತಡವಾಗಿದ್ದಕ್ಕೆ ಸ್ಟೇಷನ್ನಿನಲ್ಲಿ ವಿಷಾದಿಸುವ ಹೆಂಗಸಿನ ದನಿಯಲ್ಲಿ ಎಷ್ಟು ಸುಳ್ಳು ಹೇಳಿದ್ದೇನೋ ನನಗೇ ನೆನಪಿಲ್ಲ. ಇದನ್ನು ನನ್ನ ಸ್ವಂತ ದನಿಯಲ್ಲಿ ಹೇಳುತ್ತಿದ್ದೇನೆ. ಆದ್ದರಿಂದ ನಿಜ.

2008ರ ಫೆಬ್ರವರಿ. ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಡಿಸ್ಕ್ ಇಡುವ ಪ್ಲಾಸ್ಟಿಕ್ ಡಬ್ಬಿ ಮಾಡುತ್ತಿದ್ದೆವು. ನಾನು ನಂದೀಶ್, ಬಿ.ಎಸ್ಸಿ. ಡಬ್ಬಿ ತೆರೆದು, ಮುಚ್ಚಿ, ಟಪ್ ಎಂಬ ಸದ್ದು ಸರಿಯಾಗಿ ಬಂದರೆ ಪಾಸು ಮಾಡುವುದು ನನ್ನ ಕೆಲಸ. ಅದಕ್ಕೆ ಕ್ವಾಲಿಟಿ ಕಂಟ್ರೋಲ್ ಎಂದು ಹೆಸರು. ಡಬ್ಬಿಯೂ ಖಾಲಿ, ಡಿಗ್ರಿಯೂ ಖಾಲಿ ಎಂದು ನಾನೇ ಜೋಕು ಮಾಡಿ ನಾನೇ ನಗುತ್ತಿದ್ದೆ.

ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಹೊಸ ಡಿಸ್ಕ್ ಬಂದಿದ್ದ ಕಾಲ ಅದು. ಹೊಸತು ಅಂದರೆ ಒಂದಲ್ಲ, ಎರಡು. ಒಂದು ಬ್ಲೂ-ರೇ, ಇನ್ನೊಂದು ಎಚ್‌ಡಿ ಡಿವಿಡಿ. ಇದರ ಡಿಸ್ಕ್ ಅದರ ಪ್ಲೇಯರಿನಲ್ಲಿ ಓಡದು, ಅದರದ್ದು ಇದರಲ್ಲಿ ಓಡದು. ಜಪಾನಿನ ಕಂಪನಿಗಳು ಎರಡು ಬಣವಾಗಿ, ಅಮೆರಿಕದ ಸ್ಟುಡಿಯೋಗಳನ್ನು ಹಂಚಿಕೊಂಡು ಜಗಳಕ್ಕೆ ನಿಂತಿದ್ದವು. ಅಂಗಡಿಯಲ್ಲಿ ಗುರುತಾಗಲೆಂದು ಬ್ಲೂ-ರೇಗೆ ನೀಲಿ ಡಬ್ಬಿ, ಎಚ್‌ಡಿ ಡಿವಿಡಿಗೆ ಕೆಂಪು ಡಬ್ಬಿ. ಎರಡರ ಡಿಸ್ಕನ್ನೂ ನಮ್ಮಲ್ಲಿ ಯಾರೂ ಕಣ್ಣಿಂದ ಕಂಡಿರಲಿಲ್ಲ.

ಆದರೂ ಜಗಳ ನಮ್ಮ ಶೆಡ್ಡಿಗೆ ಬಂದಿತ್ತು. ಒಂದನೇ ಮಿಷನ್ ನೀಲಿ. ಅದರ ಆಪರೇಟರ್ ದಾಸರಹಳ್ಳಿಯ ಆಂಜಿನಪ್ಪ. ಎರಡನೇ ಮಿಷನ್ ಕೆಂಪು. ಅದು ಸಿಂದಗಿ ಕಡೆಯ ಸಿದ್ರಾಮನದು. ಇಬ್ಬರಿಗೂ ಕೆಲಸ ಖಾಯಂ ಆಗಿರಲಿಲ್ಲ. ಹೊಸ ವರ್ಷದ ದಿನ ಓನರ್ ಮುನಿಕೃಷ್ಣ ಎಲ್ಲರ ಮುಂದೆ ಹೇಳಿಬಿಟ್ಟಿದ್ದರು: "ನೋಡ್ರಪ್ಪ, ಕೊನೇಗೆ ಯಾವ ಬಣ್ಣ ಉಳೀತದೋ, ಆ ಮಿಷನ್ನಿನವನು ಪರ್ಮನೆಂಟು. ಇನ್ನೊಬ್ಬ ಬೇರೆ ಕಡೆ ನೋಡ್ಕಳಿ."

ಅಂದಿನಿಂದ ಟೀ ಹೊತ್ತು ಎಂದರೆ ಚುನಾವಣಾ ಸಭೆ.

"ಏನ್ ಸಿದ್ರಾಮ, ನಿನ್ ಕೆಂಪಿಗೆ ದಿನ ತುಂಬ್ತಂತಲ್ಲ?" ಎಂದು ಆಂಜಿನಪ್ಪ.

"ನಿಮ್ಮ ನೀಲಿ ಮಾರಿ ಮೊದಲ ಕನ್ನಡ್ಯಾಗ ನೋಡ್ಕೋರಿ. ಕೆಂಪಂದ್ರ ಕುಂಕುಮರಿ, ಕುಂಕುಮ!" ಎಂದು ಸಿದ್ರಾಮ.

"ಪರ್ಮನೆಂಟ್ ಆಗದಿದ್ದವನು ಪರಮನೆ ನೆಂಟ" ಎಂದು ನಡುವೆ ನಾನು. ಇಬ್ಬರೂ ನಗುತ್ತಿದ್ದರು. ಸಿದ್ರಾಮ ಸ್ವಲ್ಪ ಕಡಿಮೆ ನಗುತ್ತಿದ್ದ.

ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಅವನ ಹೆಂಡತಿ ಭಾಗ್ಯಶ್ರೀ ಊರಿನಲ್ಲಿ ಏಳು ತಿಂಗಳ ಬಸುರಿ. ಎರಡು ವರ್ಷದ ಹಿಂದೆ ಮೊದಲ ಕೂಸು ತಾಲ್ಲೂಕು ಆಸ್ಪತ್ರೆಗೆ ಹೊರಟಿದ್ದ ಟಂಟಂ ಗಾಡಿಯಲ್ಲೇ ಹುಟ್ಟಿ, ಆಸ್ಪತ್ರೆ ಬರುವಷ್ಟರಲ್ಲಿ ತೀರಿಕೊಂಡಿತ್ತು. ಈ ಸಲ ಹೆರಿಗೆ ಬೆಂಗಳೂರಿನಲ್ಲೇ, ಕಾರ್ಮಿಕರ ಇ.ಎಸ್.ಐ. ಆಸ್ಪತ್ರೆಯಲ್ಲಿ ಎಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದ. ಇ.ಎಸ್.ಐ. ಕಾರ್ಡನ್ನು ನಮ್ಮ ಓನರ್ ಮಾಡಿಸುತ್ತಿದ್ದದ್ದು ಪರ್ಮನೆಂಟ್ ಆದವರಿಗೆ ಮಾತ್ರ. ಹೀಗಾಗಿ ಜಪಾನಿನ ಜಗಳದ ತೀರ್ಪಿಗೆ ಸಿಂದಗಿಯಲ್ಲೊಂದು ಹೊಟ್ಟೆ ಕಾಯುತ್ತಿತ್ತು.

ನಮ್ಮ ಶೆಡ್ಡಿನ ಒಂದು ಪದ್ಧತಿ ಇಲ್ಲಿ ಹೇಳಬೇಕು. ಓನರ್ ಯಾವ ಆರ್ಡರನ್ನೂ ಬರೆದು ಕೊಡುತ್ತಿರಲಿಲ್ಲ. ರಾಗಿ ಬೆಳೆಯುತ್ತಿದ್ದ ಅಪ್ಪನ ಹೊಲದಲ್ಲೇ ಶೆಡ್ಡು ಕಟ್ಟಿಸಿದವರು. ಕಾಗದವೆಂದರೆ ತಾಲ್ಲೂಕು ಕಚೇರಿ ನೆನಪಾಗುತ್ತಿತ್ತೋ ಏನೋ. ಕ್ಯಾಬಿನ್ನಿನಿಂದ ಇಂಟರ್‌ಕಾಮ್ ಮಾಡಿ ಹೇಳಿದರೆ ಅದೇ ಆರ್ಡರು. ಮೊದಲ ಮಾತು ಯಾವಾಗಲೂ ಒಂದೇ: "ಏನ್ಲಾ, ಉಂಡ್ಯೇನ್ಲಾ?" ಆಮೇಲೆ ಕೆಲಸ. ಕೊನೆಯಲ್ಲಿ ಒಂದು ಕೆಮ್ಮು, ಒಂದು "ಆಯ್ತು ಓಗು".

ಆ ದನಿಯನ್ನು ನಾನು ಆರು ತಿಂಗಳು ಬಚ್ಚಲುಮನೆಯಲ್ಲಿ ಸಾಧನೆ ಮಾಡಿದ್ದೆ. ಯಾರ ಮುಂದೆಯೂ ಹೊರಗೆ ತೆಗೆದಿರಲಿಲ್ಲ. ಸಂಬಳ ಕೊಡುವ ಗಂಟಲು, ಭಯವಿತ್ತು.

ಫೆಬ್ರವರಿ ಹದಿನಾರು, ಶನಿವಾರ. ಓನರ್ ಬೆಳಿಗ್ಗೆಯೇ ನೆಲಮಂಗಲಕ್ಕೆ ಹೋಗಿದ್ದರು. ಅವರ ದೊಡ್ಡಮ್ಮ ತೀರಿಕೊಂಡಿದ್ದರು. ಅದು ಕೆಳಗೆ ಮಿಷನ್ನಿನವರಿಗೆ ಗೊತ್ತಿರಲಿಲ್ಲ. ಕ್ಯಾಬಿನ್ನಿನಲ್ಲಿ ನಾನೊಬ್ಬನೇ ಕಂಪ್ಯೂಟರಿನಲ್ಲಿ ಸುದ್ದಿ ನೋಡುತ್ತಿದ್ದೆ. ಕೆಂಪು ಬಣದ ಮುಖ್ಯ ಕಂಪನಿ ಸೋಲೊಪ್ಪಿಕೊಂಡು ಹಿಂದೆ ಸರಿಯಲಿದೆಯಂತೆ ಎಂದಿತ್ತು.

ಕೆಂಪು ಸೋತಿತ್ತು. ಅದು ಗೊತ್ತಿದ್ದೇ ನಾನು ಇಂಟರ್‌ಕಾಮ್ ಎತ್ತಿದೆ. ಸಿದ್ರಾಮನನ್ನು ಊಟದವರೆಗೆ ಕುಣಿಸಿ, ಆಂಜಿನಪ್ಪನ ಎದುರಿಗೇ ಗುಟ್ಟು ಬಿಡುವುದೆಂದು ನನ್ನ ಯೋಜನೆ.

"ಏನ್ಲಾ ಸಿದ್ರಾಮ, ಉಂಡ್ಯೇನ್ಲಾ?"

"ಇನ್ನಾ ಇಲ್ರಿ ಸರ. ಹನ್ನೊಂದೂ ಆಗಿಲ್ಲಲ್ರಿ."

"ಉಣ್ಣು ಉಣ್ಣು. ನಿನ್ ಕೆಂಪು ಗೆದ್ಬುಡ್ತು ಕಣ್ಲಾ. ಜಪಾನ್ನಿಂದ ಸುದ್ದಿ ಬಂದದೆ."

 ಆ ಕಡೆ ಮಿಷನ್ನಿನ ಸದ್ದಿನ ನಡುವೆ ಸಣ್ಣಗೆ, "ಖರೇನ್ರಿ ಸರ?"

ಅಲ್ಲಿಗೆ ಫೋನ್ ಇಟ್ಟಿದ್ದರೆ ಇದೊಂದು ಜೋಕು. ಆದರೆ ಬಚ್ಚಲುಮನೆಯಲ್ಲಿ ಆರು ತಿಂಗಳು ಕಾದಿದ್ದ ದನಿ. ಅದು ತಾನಾಗಿ ಮುಂದುವರಿಯಿತು: "ಸೋಮವಾರದ ಗಂಟ ಮಿಷನ್ ನಿಲ್ಲುಸ್ಬ್ಯಾಡ. ಗೋಡೌನಲ್ಲಿ ಇರೋ ಪ್ಲಾಸ್ಟಿಕ್ ಕಾಳಿನ ಚೀಲ ಎಲ್ಲಾ ಸುರಿ. ಯಾರ್ ಬಂದು ಏನ್ ಯೋಳುದ್ರೂ ಕೇಳ್ಬ್ಯಾಡ, ಗೊತ್ತಾಯ್ತಾ?" ಒಂದು ಕೆಮ್ಮು. "ಆಯ್ತು ಓಗು."

ಕೆಮ್ಮು ಅದ್ಭುತವಾಗಿ ಬಂತು.

ಊಟದ ಹೊತ್ತಿಗೆ ಕೆಳಗಿಳಿದೆ. ಆಂಜಿನಪ್ಪ ಟೀ ತರಲು ಹೋಗಿದ್ದ. ಸಿದ್ರಾಮ ಅಂಗಿ ಬಿಚ್ಚಿ, ಬನಿಯನ್ನಿನಲ್ಲಿ ಚೀಲ ಹೊರುತ್ತಿದ್ದ. ನನ್ನನ್ನು ಕಂಡು ಕೈ ಮೇಲೆತ್ತಿ "ನಂದೀಶ್ ಸರ, ಕೆಂಪು ಗೆದ್ತು!" ಎಂದು ಕೂಗಿದ. ಆಂಜಿನಪ್ಪ ಬರಲಿ ಎಂದು ಐದು ನಿಮಿಷ ಕಾದೆ. ಅಷ್ಟರಲ್ಲಿ ಜಾಲಹಳ್ಳಿಯಿಂದ ಗೆಳೆಯನ ಫೋನು. ಅವನ ಅಕ್ಕನ ರಿಸೆಪ್ಷನ್ನಿನಲ್ಲಿ ಸಂಜೆ ನನ್ನ ಮಿಮಿಕ್ರಿ ಇತ್ತು, ಮೈಕು ನೋಡಲು ಬೇಗ ಬಾ ಎಂದ. ಹೋದೆ. ಸಂಜೆ ಜನ ಚಪ್ಪಾಳೆ ತಟ್ಟಿದರು, ಒನ್ಸ್ ಮೋರ್ ಎಂದರು. ಭಾನುವಾರ ಹತ್ತು ಗಂಟೆಯವರೆಗೆ ಮಲಗಿ, ಎದ್ದು ತಲೆಗೆ ಎಣ್ಣೆ ಹಚ್ಚಿಕೊಂಡೆ. ಸಿದ್ರಾಮನನ್ನು ಮರೆತೇಬಿಟ್ಟಿದ್ದೆ. ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಆಮೇಲೆ ಹುಡುಕಿದ್ದೇನೆ, ಸಿಕ್ಕಿಲ್ಲ.

ಆ ಶನಿವಾರ ನನಗೆ ಗೊತ್ತಿಲ್ಲದ್ದು ಇಷ್ಟು. ಮಧ್ಯಾಹ್ನ ನಮ್ಮ ಡಬ್ಬಿ ಕೊಳ್ಳುವ ಎಕ್ಸ್‌ಪೋರ್ಟಿನವರು ಓನರಿನ ಮೊಬೈಲಿಗೆ ಫೋನ್ ಮಾಡಿದ್ದರು: ಕೆಂಪು ರದ್ದು, ನೀಲಿ ದುಪ್ಪಟ್ಟು, ಸೋಮವಾರ ಬೆಳಿಗ್ಗೆ ಲಾರಿ ಬರುತ್ತದೆ. ಓನರ್ ಮಣ್ಣು ಮಾಡುವ ಜಾಗದಿಂದಲೇ ಆಂಜಿನಪ್ಪನಿಗೆ ಫೋನ್ ಮಾಡಿದ್ದರು: ಸಿದ್ರಾಮನಿಗೆ ಹೇಳು, ಕೆಂಪು ನಿಲ್ಲಿಸಿ ಮಿಷನ್ ತೊಳೆದು ನೀಲಿ ಹಾಕಲಿ, ಗೋಡೌನಿಗೆ ಬಂದಿರುವ ಮೂವತ್ತು ಚೀಲ ಅದಕ್ಕೇ, ಎರಡೂ ಮಿಷನ್ ಬೇಕು, ಇಬ್ಬರೂ ಬೇಕು.

ಆಂಜಿನಪ್ಪ ಹೋಗಿ ಹೇಳಿದ.

"ಸಿದ್ರಾಮ, ಓನರ್ ಫೋನ್ ಬಂದಿತ್ತು. ಕೆಂಪು ನಿಲ್ಸ್ಬೇಕಂತೆ."

"ನಿಲ್ಲಸ್ತೀನಿ ತಡೀರಿ, ನಿಮ್ಮ ಹೊಟ್ಟಿಯಾಗಿನ ಬೆಂಕಿ ಮೊದಲ ಆರಲಿ."

"ತಮಾಷೆ ಅಲ್ಲ ಕಣೋ. ನಮ್ಮವ್ವನಾಣೆಗೂ. ಇಬ್ರುನ್ನೂ ಪರ್ಮನೆಂಟ್ ಮಾಡ್ತಾರಂತೆ, ನೀಲಿ ಹಾಕು."

"ಸರ ನನಗಽ ಹೇಳ್ಯಾರ, ಯಾರು ಬಂದು ಏನಂದ್ರೂ ಕೇಳಬ್ಯಾಡ ಅಂತ. ಅದರಾಗ ನೀವಽ ಮೊದಲ ಬಂದ್ರಿ ನೋಡ್ರಿ!"

ಒಂದೂವರೆ ತಿಂಗಳು ದಿನಕ್ಕೆ ಎರಡು ಸಲ ಕಾಲೆಳೆದವನ ಮಾತನ್ನು ಅವನಾದರೂ ಹೇಗೆ ನಂಬಬೇಕು? ನಿಜ ಎದುರಾಳಿಯ ಬಾಯಲ್ಲಿ ಬಂದಿತ್ತು, ಸುಳ್ಳು ಓನರಿನ ಬಾಯಲ್ಲಿ. ಆಂಜಿನಪ್ಪನಿಗೂ ಸಿಟ್ಟು ಬಂತು. "ಸಾಯಿ ಅತ್ಲಾಗೆ" ಎಂದು ತನ್ನ ಮಿಷನ್ನಿಗೆ ಹೋದ. ಅಷ್ಟರಲ್ಲಿ ಓನರ್ ಫೋನು ಆ ಸಾವಿನ ಮನೆಯಲ್ಲಿ ಸ್ವಿಚ್ ಆಫ್ ಆಗಿತ್ತು.

ಶನಿವಾರವೂ ಭಾನುವಾರವೂ ಸಿದ್ರಾಮ ರೂಮಿಗೆ ಹೋಗಲಿಲ್ಲ. ಖಾಲಿ ಚೀಲದ ಮೇಲೆ ಗಂಟೆಗೊಮ್ಮೆ ಬೆನ್ನು ಚಾಚಿ ಎದ್ದು ಮಿಷನ್ನಿಗೆ ಉಣಿಸಿದ. ಮೂವತ್ತು ಚೀಲ ಬಿಳಿ ಪ್ಲಾಸ್ಟಿಕ್ ಕಾಳು, ಅದಕ್ಕೆ ಕೆಂಪು ಬಣ್ಣದ ಕಾಳು. ಕೆಂಪು ಒಮ್ಮೆ ಬೆರೆತರೆ ಮತ್ತೆ ಯಾವ ಬಣ್ಣಕ್ಕೂ ಬರುವುದಿಲ್ಲ. ಮಿಷನ್ನಿನ ಒಳಗೂ ಹಾಗೇ. ತೊಳೆದ ಮೇಲೂ ಅರ್ಧ ದಿನ ಕೆಂಪನ್ನೇ ಉಗುಳುತ್ತದೆ.

ಸೋಮವಾರ ಬೆಳಿಗ್ಗೆ ಶೆಡ್ಡಿನ ಬಾಗಿಲಿನಿಂದ ಗೋಡೆಯವರೆಗೆ ಕೆಂಪು ಡಬ್ಬಿಗಳು ಎದೆಯೆತ್ತರ ನಿಂತಿದ್ದವು. ಅವುಗಳ ಮುಂದೆ ಸಿದ್ರಾಮ ತಲೆ ಬಾಚಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು, ಕಣ್ಣು ಆ ಡಬ್ಬಿಗಳಷ್ಟೇ ಕೆಂಪಾಗಿ ನಿಂತಿದ್ದ. ಬೋಳಿಸಿದ ತಲೆಯಲ್ಲಿ ಓನರ್ ಒಳಗೆ ಬಂದರು. ಹೊರಗೆ ಲಾರಿಯವನು ಹಾರನ್ ಹೊಡೆಯುತ್ತಿದ್ದ.

"ಏನ್ಲಾ ಇದು?"

"ಎಲ್ಲಾ ಚೀಲ ಮುಗಿಸೀನ್ರಿ ಸರ. ಒಂದೂ ಉಳಿಸಿಲ್ಲ."

ಓನರ್ ಅಲ್ಲೇ ಒಂದು ಡ್ರಮ್ಮಿನ ಮೇಲೆ ಕೂತರು.  ಆಂಜಿನಪ್ಪ ಗೊಣಗಿದ: "ನಾನ್ ಬಡ್ಕಂಡೆ ಸಾರ್. ನಂಬ್ಲಿಲ್ಲ."

"ನೀವಽ ಫೋನ್ ಮಾಡಿದ್ರಲ್ರಿ ಸರ! ಶನಿವಾರ, ಹನ್ನೊಂದಕ್ಕ. ಉಂಡ್ಯೇನು ಅಂತ ಕೇಳಿದ್ರಿ. ಕೆಂಪು ಗೆದ್ತು ಅಂದ್ರಿ."

"ಶನಿವಾರ ಹನ್ನೊಂದಕ್ಕೆ ನಾನು ನಮ್ ದೊಡ್ಡವ್ವನ ಎಣದ ಮುಂದೆ ಕುಂತಿದ್ದೆ ಕಣಯ್ಯ."

ಸಿದ್ರಾಮ ಸುತ್ತ ನೋಡಿದ. ನನ್ನನ್ನು ಕಂಡು ಅವನ ಮುಖ ಅರಳಿತು. "ನಂದೀಶ್ ಸರ ಕ್ಯಾಬಿನ್ನ್ಯಾಗಽ ಇದ್ರು. ಬೇಕಾದ್ರ ಅವರ್ನ ಕೇಳ್ರಿ. ಅವರು ಸುಳ್ಳ ಹೇಳಂಗಿಲ್ಲ."

ಓನರ್ ನನ್ನ ಕಡೆ ತಿರುಗಿದರು. "ಯೋಳಪ್ಪ. ಶನಿವಾರ ನಾನು ಕ್ಯಾಬಿನ್ನಿಗೆ ಬಂದಿದ್ನಾ?"

"ಇಲ್ಲ ಸಾರ್" ಎಂದೆ.

ನನ್ನ ಸ್ವಂತ ದನಿಯಲ್ಲಿ. ಒಂದಕ್ಷರವೂ ಸುಳ್ಳಿಲ್ಲದ ಮಾತು.

 ಓನರ್ ಎದ್ದರು. "ನಿನ್ನ ಎಸರು ಇ.ಎಸ್.ಐ. ಫಾರಮ್ಮಿಗೆ ಬರಿಸ್ಬೇಕು ಅಂತಿದ್ದೆ ಕಣ್ಲಾ. ತಪ್ಪು ಮಾಡುದ್ರೆ ಮಾಡ್ದೆ ಅನ್ಬೇಕು. ನನ್ ಮಕಕ್ಕೇ ನಿಂತ್ಕಂಡು ನಾನ್ ಯೋಳ್ದೆ ಅಂತೀಯಲ್ಲ" ಎಂದು ಕೆಮ್ಮಿದರು. "ಆಯ್ತು ಓಗು."

ಸಿದ್ರಾಮನ ಕೆಲಸ ಹೋಯಿತು. ಲಾರಿ ಪಕ್ಕದ ರಸ್ತೆಯ ಇನ್ನೊಂದು ಶೆಡ್ಡಿಗೆ ಹೋಯಿತು. ಆರ್ಡರೂ ಅದರ ಹಿಂದೆಯೇ ಹೋಯಿತು. ಬುಧವಾರದ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು: ಎಚ್‌ಡಿ ಡಿವಿಡಿ ತಯಾರಿಕೆ ಅಧಿಕೃತವಾಗಿ ನಿಂತಿದೆ, ಪೈಪೋಟಿ ಮುಗಿದಿದೆ. ಅಂದು ಮಧ್ಯಾಹ್ನವೇ ಎರಡನೇ ಮಿಷನ್ನನ್ನು ಕೊಳ್ಳಲು ಯಾರೋ ಬಂದು ನೋಡಿಕೊಂಡು ಹೋದರು.

ಸಂಜೆ ರಾಜಗೋಪಾಲನಗರಕ್ಕೆ ಹೋದೆ. ಸಾಲಾಗಿ ಎಂಟು ರೂಮುಗಳ ವಠಾರ, ಐದನೆಯದು ಸಿದ್ರಾಮನದು. ಅವನು ಸ್ಟೌವ್ ಮುಂದೆ ಕೂತು ಅನ್ನಕ್ಕೆ ಇಡುತ್ತಿದ್ದ. ಗೋಡೆಯ ಮೊಳೆಗೆ ಒಂದು ಹೊಸ ಹಸಿರು ಸೀರೆಯ ಕವರು ನೇತಾಡುತ್ತಿತ್ತು.

"ಬರ್ರಿ ಸರ, ಕುಂದರ್ರಿ."

ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದ ಮಾತು ಬರಲಿಲ್ಲ. ನಾನಾಗಿ ಹೇಳಲಾರದ್ದನ್ನು ಆ ದನಿಯೇ ಹೇಳಿತು: "ಏನ್ಲಾ ಸಿದ್ರಾಮ, ಉಂಡ್ಯೇನ್ಲಾ?"

ಅವನು ತಿರುಗಿ ಬಾಗಿಲು ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಆಮೇಲೆ ನನ್ನನ್ನು ನೋಡಿದ. ಕೈಯಲ್ಲಿದ್ದ ಅಕ್ಕಿಯ ಪಾವನ್ನು ಮೆಲ್ಲಗೆ ನೆಲಕ್ಕಿಟ್ಟ.

"ಹೊಡಿ ಸಿದ್ರಾಮ" ಎಂದೆ. "ನಾಳೆ ಓನರ್ ಹತ್ರ ಎಲ್ಲಾ ಹೇಳ್ತೀನಿ."

"ಹೇಳಿದ್ರ ಡಬ್ಬಿ ನೀಲಿ ಆಗ್ತಾವೇನ್ರಿ?" ಅವನು ಸ್ಟೌವನ್ನೇ ನೋಡುತ್ತಿದ್ದ. "ಮಿಷನ್ ಮಾರಾಕತ್ತಾರಂತ ಆಂಜಿನಪ್ಪಣ್ಣ ಹೇಳಿದ. ಕುಂದರಾಕ ಕುರ್ಚಿ ಇಲ್ಲದಲ್ಲಿ ನನ್ನ ಕರದು ಏನ್ ಮಾಡ್ತಾರ."

ಅನ್ನಕ್ಕಿಟ್ಟ ನೀರು ಕುದಿಯತೊಡಗಿತು. ಆಗ ಅವನ ಚೈನಾ ಮೊಬೈಲ್ ಒಮ್ಮೆ ಬಡಿದುಕೊಂಡು ನಿಂತಿತು. ಊರಿನ ಮಿಸ್ಡ್ ಕಾಲ್. ಅವನು ಅದನ್ನು ಕೈಗೆತ್ತಿಕೊಂಡ.

"ನಾಳಿ ಅಕಿ ಕುಬಸರಿ" ಎಂದ. ಬಸುರಿಗೆ ಹಸಿರು ಸೀರೆ ಉಡಿಸಿ, ಬಂಧುಗಳನ್ನೆಲ್ಲ ಕರೆದು ಮಾಡುವ ಆರತಿ ಅದು. "ಶನಿವಾರ ಅಕಿಗೆ ಫೋನ್ ಮಾಡಿ ಕೆಂಪು ಗೆದ್ತು ಅಂದೀನಿ. ಓಣಿಗೆಲ್ಲಾ ಹೇಳ್ಕೊಂಡಾಳ. ಸೋಮವಾರದಿಂದ ನಾ ಫೋನ್ ಎತ್ತಿಲ್ಲ. ಅಕಿಗೆ ಬಿಪಿ ಐತಿ. ಮನಸ್ಸಿಗೆ ಏನೂ ಹಚ್ಚಬ್ಯಾಡ್ರಿ ಅಂದಾರ ಡಾಕ್ಟರು."

"ಏನ್ ಮಾಡ್ಲಿ ಹೇಳು."

"ಆ ದನಿಯಾಗ ಅಕಿಗೊಂದು ಮಾತ ಹೇಳ್ರಿ. ನಾಳಿ ಒಂದಿನ ಅಕಿ ಚಂದಾಗಿ ಕುಂದರಲಿ."

"ಬೇಡ ಸಿದ್ರಾಮ."

"ನನಗ ಹೇಳುವಾಗ ಬ್ಯಾಡ ಅನ್ನಿಸಲಿಲ್ಲಲ್ರಿ."

ಅವನು ಗುಂಡಿ ಒತ್ತಿ ಸ್ಪೀಕರ್ ಹಾಕಿ, ಫೋನನ್ನು ನಮ್ಮಿಬ್ಬರ ನಡುವೆ ನೆಲದ ಮೇಲಿಟ್ಟ. ಎರಡೇ ರಿಂಗಿಗೆ ಎತ್ತಿದಳು. ಹಿಂದೆ ಹೆಂಗಸರ ಗಲಾಟೆ, ಪಾತ್ರೆಗಳ ಸದ್ದು.

"ಎಲ್ಲಿ ಹೋಗಿದ್ರಿ? ಎಷ್ಟ ಫೋನ್ ಮಾಡಬೇಕು ನಾ?"

"ಓನರ್ ಸರ ಬಂದಾರ, ರೂಮಿಗೇ" ಎಂದ ಸಿದ್ರಾಮ. "ನಿನ್ನ ಜೋಡಿ ಮಾತಾಡ್ತಾರಂತ."

ನಾನು ಫೋನಿನ ಕಡೆ ಬಾಗಿದೆ. ಓನರ್ ದನಿ ತಾನಾಗಿ ಬಂತು.

"ಏನವ್ವಾ, ಉಂಡ್ಯೇನವ್ವಾ?"

 ಅವಳು ಅತ್ತ ತಿರುಗಿ ಯಾರಿಗೋ ಕೂಗಿದ್ದು ಕೇಳಿಸಿತು: "ಮುದುಕವ್ವಾ, ಬಾ ಇಲ್ಲೆ! ಇವರು ಹೇಳ್ತಿದ್ದದ್ದು ಖರೇನಽ ಐತಿ! ಉಂಡ್ಯೇನ್ ಅಂತಽ ಕೇಳ್ತಾರ!"

"ನಿನ್ ಗಂಡ ಪರ್ಮನೆಂಟ್ ಆದ ಕಣವ್ವ" ಎಂದಿತು ದನಿ. "ಕಾರ್ಡು ಮಾಡಿಸ್ತೀನಿ. ಎರಿಗೆಗೆ ಇಲ್ಲಿಗೇ ಬಾ." ಒಂದು ಕೆಮ್ಮು. ಅದೂ ಅದ್ಭುತವಾಗಿಯೇ ಬಂತು.

ಸಿದ್ರಾಮ ನಕ್ಕ. ತಲೆಯನ್ನು ಮೊಣಕಾಲಿನ ನಡುವೆ ಹಾಕಿ, ಭುಜ ಕುಲುಕಿಸಿ ನಕ್ಕ. ಅದು ನಗುವೇ ಎಂದು ಖಾತ್ರಿಯಾಗಲಿ ಎಂದು ನಾನೂ ನಕ್ಕೆ. ಆದರೆ ನೆಲದ ಮೇಲಿನ ಆ ಚೈನಾ ಮೊಬೈಲಿನಿಂದ ಬಂದ ನಗುವಿನ ಮುಂದೆ ನಮ್ಮಿಬ್ಬರದೂ ಏನೇನೂ ಅಲ್ಲ. ಅವಳು ಉಸಿರು ಹಿಡಿದು, ಬಿಟ್ಟು, ಮತ್ತೆ ಹಿಡಿದು, ಪಕ್ಕದ ರೂಮಿನವರು ಬಾಗಿಲಿಗೆ ಬಂದು ಇಣುಕುವಷ್ಟು ಜೋರಾಗಿ ನಗುತ್ತಿದ್ದಳು.