ಮಡಚದ ಕಾಲು

“ಇಬ್ರು ಹಿಡದು ಜೋರಲೆ ಒತ್ರಿ, ಮಡಚತೈತಿ,” ಎನ್ನುತ್ತ ಉದ್ದಪ್ಪ ತೀರಿಹೋದ ಅಣ್ಣ ಶಿದ್ಲಿಂಗಪ್ಪನ ಬಲಮೊಣಕಾಲಿಗೆ ಕೈ ಹಾಕಿದ. ಗೋಡೆಗೆ ಆನಿಸಿ ಕೂಡಿಸಿದ್ದ ದೇಹದ ಎಡಗಾಲು ಮಡಚಿತ್ತು. ಬಲಗಾಲು ಮಾತ್ರ ಅರ್ಧ ಪಡಸಾಲೆಗೆ ಚಾಚಿಕೊಂಡಿತ್ತು. ಅವರ ಮನೆತನದಲ್ಲಿ ಪದ್ಮಾಸನ ಹಾಕಿಸಿಯೇ ಮಣ್ಣು ಕೊಡುವುದು.

ಕುಣಿ ತೋಡಲು ಗುದ್ದಲಿ ಹಿಡಿದು ಹೊರಟಿದ್ದ ನೆರೆಮನೆಯ ಭೀಮಶಿ ಹೊಸ್ತಿಲಿನಿಂದ ತಿರುಗಿ ಬಂದ. “ಕಾಕಾ, ಕೈ ತಗೀರಿ. ಅದು ಮಡಚೂದಿಲ್ಲ, ಮುರೀತೈತಿ.”

“ಪದ್ಧತಿ ಬಿಡಾಕ ಆಗತೈತೇನೋ?”

ಆ ಕಾಲು ಕೆಟ್ಟದ್ದೇ ಭೀಮಶಿಯ ಎತ್ತಿಗಾಗಿ. ಯಮಕನಮರಡಿಯ ಇಳಿಜಾರಿನಲ್ಲಿ ಎತ್ತು ಮುಗ್ಗರಿಸಿ ಬಿದ್ದು, ಕಬ್ಬಿನ ಗಾಡಿ ಅದರ ಮೇಲೆಯೇ ನುಗ್ಗುವುದರಲ್ಲಿತ್ತು. ಹಿಂದಿನ ಗಾಡಿಯಿಂದ ಧುಮುಕಿದ ಶಿದ್ಲಿಂಗಪ್ಪ ಗಾಲಿಗೆ ಕಲ್ಲು ಹುಡುಕುತ್ತ ಕೂರಲಿಲ್ಲ, ಕಾಲನ್ನೇ ಕೊಟ್ಟ. ಆ ಎತ್ತಿನ ದುಡಿಮೆಯಿಂದಲೇ ಭೀಮಶಿಯ ಮಕ್ಕಳು ಉಂಡು ಬೆಳೆದರು.

* * *

ಹೋದ ವರ್ಷ ಹುಕ್ಕೇರಿಯ ಯೋಗ ಶಿಬಿರಕ್ಕೂ ಭೀಮಶಿ, ಶಿದ್ಲಿಂಗಪ್ಪ ಇಬ್ಬರೂ ಕೂಡಿಯೇ ಹೋಗಿದ್ದರು. ಎಲ್ಲರೂ ಪದ್ಮಾಸನ ಹಾಕಿದರೆ ಶಿದ್ಲಿಂಗಪ್ಪನ ಕಾಲು ಮುಂದಿನವನ ಬೆನ್ನಿಗೆ ತಾಗಿತು. ಜನ ಗೊಳ್ಳೆಂದರು. ಕಲಿಸುವ ವಿಜಯಲಕ್ಷ್ಮಿ ಟೀಚರ್ ನಗಲಿಲ್ಲ.

“ಯೋಗಕ್ಕ ಎಂಟು ಮೆಟ್ಟಲಾ, ಆಸನ ಮೂರನೇದ್ರಿ, ಅಜ್ಜಾರ. ಮೊದಲನೇದು ಯಮ. ಯಾರಿಗೂ ನೋವು ಮಾಡಬಾರ್ದು, ಸುಳ್ಳು ಹೇಳಬಾರ್ದು, ಕದಿಬಾರ್ದು, ಆಸೆಗೆ ಲಗಾಮ ಇರಬೇಕು, ಬೇಕಾದ್ದಕ್ಕಿಂತ ಹೆಚ್ಚು ಕೂಡಿಡಬಾರ್ದು. ಆಮ್ಯಾಲ ನಿಯಮ.”

“ಹಂಗಾರ ಚಿಂತಿಲ್ಲ ಬಿಡ್ರಿ. ಮೊದಲನೇದು ಕಲಿಯೂದ್ರಾಗ ಜನ್ಮಾನ ಮುಗೀತೈತಿ!”

ಊರಿಗೆ ಬಂದು ಸಿಕ್ಕವರಿಗೆಲ್ಲ “ಯೋಗದಾಗ ನಾ ಇನ್ನೂ ಒಂದನೇತ್ತಾ ಸಾಲಿ ಹುಡುಗ” ಎಂದು ಹೇಳಿಕೊಂಡು ತಿರುಗಿದ. ಗಾಡಿಯಲ್ಲಿ ಎಂದೂ ಬಾರಕೋಲು ಇಟ್ಟುಕೊಳ್ಳದ ಆಸಾಮಿ!

* * *

ಅಳುತ್ತ ಕೂತಿದ್ದ ಶಿದ್ಲಿಂಗಪ್ಪನ ಹೆಂಡತಿ ಶಂಕ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು.

“ಉದ್ದಪ್ಪಾ, ಅವರು ಎತ್ತಿಗೂ ಒಂದ ಏಟು ಹಾಕಿದವರಲ್ಲ. ಇವತ್ತ ಅವರ ಮ್ಯಾಲ ಯಾರೂ ಜೋರ ಮಾಡಬ್ಯಾಡ್ರಿ. ಹೆಂಗ ಕುಂತಾರೋ ಹಂಗ ಕಳಸೂಣು.”

“ವೈನಿ, ಪದ್ಮಾಸನದ ಅಳತಿ ಕುಣಿಯಾಗ ಚಾಚಿದ ಕಾಲು ಹಿಡಿಯೂದಿಲ್ಲಲ್ಲ?”

“ಕುಣಿ ನಾ ದೊಡ್ಡದು ಮಾಡ್ತೇನಿ,” ಎಂದ ಭೀಮಶಿ.

ಉದ್ದಪ್ಪನ ಕೈ ಅಣ್ಣನ ಮೊಣಕಾಲ ಮೇಲೆಯೇ ಇತ್ತು. ಒತ್ತಲಿಲ್ಲ. ಒಮ್ಮೆ ಸವರಿ, “ನಡಿ, ನಾನೂ ಬರ್ತೇನಿ,” ಎಂದು ಎದ್ದ.

ಹೊಲದ ಬದುವಿನಲ್ಲಿ ಮಣ್ಣು ಗಟ್ಟಿಯಿತ್ತು. ಅಗೆಯುತ್ತ ಭೀಮಶಿಯ ಕಣ್ಣು ತುಂಬಿ ಬಂದವು. ಆ ಕಾಲಿಗೊಂದಿಷ್ಟು ಜಾಗ ಮಾಡಿಕೊಡುವ ಕೆಲಸವಾದರೂ ತನ್ನ ಪಾಲಿಗೆ ಬಂತಲ್ಲ ಎಂದು ಜೀವ ತಣ್ಣಗಾಯಿತು. ಅಗೆದದ್ದು ಸಾಕೆನಿಸಿದಾಗ ತಾನೇ ಕುಣಿಯೊಳಗೆ ಕೂತ. ಎಡಗಾಲು ಮಡಚಿ ಬಲಗಾಲು ಚಾಚಿದ. ಹಿಮ್ಮಡಿ ಮಣ್ಣಿಗೆ ತಾಗಿತು.

“ಇನ್ನೊಂದು ಗೇಣು ಬೇಕ್ರಿ. ಅವರು ನನಕಿಂತ ಎತ್ತರ.”

ಉದ್ದಪ್ಪ ಧೋತರ ಎತ್ತಿ ಕಟ್ಟಿ ಕುಣಿಗಿಳಿದ. ಗುದ್ದಲಿಯನ್ನು ಬದಿಗಿಟ್ಟು, ಭೀಮಶಿಯ ಹಿಮ್ಮಡಿಗೆ ತಾಗದ ಹಾಗೆ, ಕೈಯಿಂದಲೇ ಮಣ್ಣು ಕೆದರತೊಡಗಿದ.