ರಾಣಿ ಕದಲಿದ ವರ್ಷ

ಆಕಾಶ ಅಳೆಯುವವರಿಗೂ ಅಲ್ಲಾಡದ ಗೂಟ ಬೇಕು. ನಕ್ಷತ್ರಗಳು ಹತ್ತಿರದವು, ಅವುಗಳ ಓಡಾಟ ಗೊತ್ತಾಗಿಬಿಡುತ್ತದೆ. ಅವುಗಳಾಚೆ, ಓಡಿದರೂ ನಿಂತಂತೆಯೇ ಕಾಣುವಷ್ಟು ದೂರದಲ್ಲಿ, ರೇಡಿಯೋ ಅಲೆ ಸೂಸುವ ಚುಕ್ಕಿಗಳಿವೆ. ಅವೇ ಗೂಟಗಳು. ಹಡಗಿನ ದಾರಿ, ಉಪಗ್ರಹದ ದಾರಿ, ಎಲ್ಲ ಲೆಕ್ಕವನ್ನೂ ಕೊನೆಗೆ ಅವಕ್ಕೇ ಕಟ್ಟಬೇಕು.

ಅಂಥ ಗೂಟಗಳನ್ನು ಆರಿಸುವ ಕಚೇರಿಯಲ್ಲಿ ಅತ್ತಿಗೆ, ನಾದಿನಿ ಇಬ್ಬರದೂ ಎದುರುಬದುರು ಮೇಜು. ಅತ್ತಿಗೆ ದೊಡ್ಡ ಓದು ಓದಿದ್ದೇ ಒಂದು ಚುಕ್ಕಿಯ ಮೇಲೆ. ಅದಕ್ಕೆ ರಾಣಿ ಎಂದು ಹೆಸರಿಟ್ಟು, ಗೂಟಗಳ ಪಟ್ಟಿಗೆ ಸೇರಿಸಿದವಳೂ ಅವಳೇ. ನಾದಿನಿ ಹುಡುಕಿದ ಚುಕ್ಕಿ ಬಲು ಮಸುಕು. ಅತ್ತಿಗೆ ಅದನ್ನು ಮಂಕು ಎಂದು ಛೇಡಿಸುತ್ತಿದ್ದಳು.

ಹೊಸ ಪಟ್ಟಿ ಮಾಡುವ ವರ್ಷ ರಾಣಿ ಇದ್ದಕ್ಕಿದ್ದಂತೆ ಬೆಳಗಿತು. ಅತ್ತಿಗೆಯ ಗಂಡ, ಅಂದರೆ ನಾದಿನಿಯ ಅಣ್ಣ, ಊಟದ ಹೊತ್ತಿಗೆ ಸುದ್ದಿ ಕೇಳಿ, ನಿನ್ನ ಚುಕ್ಕಿಗೆ ಯೋಗ ಬಂತು ಎಂದು ಹಿಗ್ಗಿದ. ಅತ್ತಿಗೆ ತುತ್ತನ್ನು ಕೈಯಲ್ಲೇ ಹಿಡಿದು ಕುಳಿತಳು. ಅವರ ಕಸುಬಿನಲ್ಲಿ ಹೊಳಪು ಏರುವುದು ಒಳ್ಳೆಯ ಸುದ್ದಿಯಲ್ಲ. ಚುಕ್ಕಿ ಒಡಲೊಳಗಿನದನ್ನು ಉಗುಳಿದಾಗ ಹಾಗಾಗುತ್ತದೆ. ಉಗುಳಿದ್ದು ಚಾಚಿದ ಕಡೆಗೆ ಅದರ ನಡುಬಿಂದುವೂ ಕೂದಲೆಳೆಯಷ್ಟು ಸರಿದಂತೆ ಕಾಣುತ್ತದೆ; ಸರಿಯುವುದು ಗೂಟವಾಗದು.

ದೂರದೂರದ ಊರುಗಳ ಡಿಶ್ ಆಂಟೆನಾಗಳಿಗೆ ರಾಣಿಯ ಅಲೆ ತಲುಪಿದ ಹೊತ್ತಿನ ವ್ಯತ್ಯಾಸವನ್ನು ಆಕೆ ಮತ್ತೆ ಮತ್ತೆ ಲೆಕ್ಕ ಹಾಕಿದಳು. ಗಾಳಿಯ ತೇವದಿಂದಾದ ತಡ ಕಳೆದಳು, ಗಡಿಯಾರದ ತಪ್ಪು ಕಳೆದಳು. ರಾಣಿ ಕದಲಿದ್ದು ಕದಲಿದ್ದೇ.

ಮುಖ್ಯಸ್ಥರು ಆಕೆಯ ಬಾಡಿದ ಮುಖ ನೋಡಿ, ಈ ಸಲಕ್ಕೆ ರಾಣಿ ಪಟ್ಟಿಯಲ್ಲೇ ಇರಲಿ ಬಿಡಿ, ಮುಂದಿನ ಪಟ್ಟಿಯಲ್ಲಿ ನೋಡೋಣ ಎಂದರು. ಬದಲಿಗೆ ನಿಲ್ಲಬಲ್ಲ ಚುಕ್ಕಿ ತನ್ನ ಬಳಿಯೇ ಇದ್ದೂ ನಾದಿನಿ ಅದರ ಮಾತೆತ್ತಲಿಲ್ಲ. ಇಬ್ಬರ ಈ ದಾಕ್ಷಿಣ್ಯ ಅತ್ತಿಗೆಗೆ ಸಿಟ್ಟು ತರಿಸಿತು. ನಾದಿನಿಯತ್ತ ತಿರುಗಿದಳು.

“ನನ್ನ ಮುಖ ನೋಡ್ಕೊಂಡು ಹಡಗು ಓಡಿಸ್ತಾರೇನೇ? ನಿನ್ನ ಮಂಕು ಎಷ್ಟು ಕದಲಿದೆ, ಹೇಳು.”

“ಏನೂ ಇಲ್ಲ ಅತ್ತಿಗೆ. ಕೂತಲ್ಲೇ ಕೂತಿದೆ, ನಮ್ಮಣ್ಣನ ಥರ.”

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ರಾಣಿಯ ಸಾಲು ಅಳಿಸಿದಳು, ಆ ಜಾಗದಲ್ಲಿ ಮಂಕುವಿನದನ್ನು ತಾನೇ ಬರೆದಳು. ಅಳಿಸುವಾಗ ಕೈ ಒಂದು ಗಳಿಗೆ ನಿಂತದ್ದನ್ನು ನಾದಿನಿ ಕಂಡೂ ಕಾಣದಂತಿದ್ದಳು.

ಪಕ್ಕದ ಕೋಣೆಯವರದು ಹೀಗೆ ಉರಿದೇಳುವ ಚುಕ್ಕಿಗಳ ಅಧ್ಯಯನ. ರಾಣಿ ಅವರಿಗೆ ಹಬ್ಬವಾಯಿತು. ಹಳೆಯ ಅಳತೆಗಳನ್ನು ಕೊಡುತ್ತೀರಾ ಎಂದು ಕೇಳಿ ಬಂದರು. ಕೊಡುವುದಲ್ಲ, ನಾನೇ ಬರುತ್ತೇನೆ ಎಂದಳು ಅತ್ತಿಗೆ. ಅಂದಿನಿಂದ ಮಧ್ಯಾಹ್ನದ ಮೇಲೆ ಅವಳ ಕುರ್ಚಿ ಅಲ್ಲಿ.